ಕಲ್ಲು ಬಂದ ದಾರಿ: ರಾಯಸೀನಾ ಮತ್ತು ಕನ್ನಂಬಾಡಿ

ಊರಿನಿಂದ ನೆಂಟರು ಬಂದರೆ ದೆಹಲಿ ಕನ್ನಡಿಗರಾದ ನಮಗೆಲ್ಲ ಒಂದು ಕರ್ತವ್ಯ ತಪ್ಪಿದ್ದಲ್ಲ. ಕುತುಬ್ ಮಿನಾರು, ಕೆಂಪುಕೋಟೆ, ರಾಜಘಾಟ್ ಮುಗಿಸಿ, ಸಂಜೆ ಬಿಸಿಲು ತಗ್ಗಿದ ಮೇಲೆ ಅವರನ್ನು ಇಂಡಿಯಾ ಗೇಟಿನಿಂದ ರಾಷ್ಟ್ರಪತಿ ಭವನದ ಕಡೆಗೆ ನಡೆಸಿಕೊಂಡು ಹೋಗಬೇಕು. ಕಳೆದ ಚಳಿಗಾಲ ಮಂಡ್ಯದ ಕಡೆಯಿಂದ ನಮ್ಮ ಸೋದರಮಾವ ಬಂದಿದ್ದರು. ಮಾವ ಮೂವತ್ತೈದು ವರ್ಷ ಕಟ್ಟಡದ ಕಂಟ್ರಾಕ್ಟರೊಬ್ಬರ ಬಳಿ ಲೆಕ್ಕ ಬರೆದವರು. ಕಟ್ಟಡವೊಂದನ್ನು ಕಂಡರೆ ಅದರ ಚೆಲುವಿಗಿಂತ ಮೊದಲು ಅದರ ಖರ್ಚು ಅವರ ಕಣ್ಣಿಗೆ ಬೀಳುತ್ತದೆ.

"ಏನಪ್ಪಾ, ಇದನ್ನು ಕಟ್ಟಿದವರು ಯಾರು?" ಎಂದರು. ನಾವು ಪಾಠ ಒಪ್ಪಿಸುವವರಂತೆ "ಲುಟ್ಯೆನ್ಸ್ ಮತ್ತು ಬೇಕರ್" ಎಂದೆವು.

"ಅವರು ನಕ್ಷೆ ಬರೆದವರು. ಕಟ್ಟಿದವರು ಯಾರು ಅಂದೆ. ಈ ಕಲ್ಲು ಎಲ್ಲಿಯದು? ಯಾರು ಕಿತ್ತರು, ಯಾವ ಗಾಡಿಯಲ್ಲಿ ಬಂತು, ಕೂಲಿ ಎಷ್ಟು?"

ನಮ್ಮಲ್ಲಿ ಉತ್ತರವಿರಲಿಲ್ಲ. ಕೇಂದ್ರ ಸರ್ಕಾರದ ಗುಮಾಸ್ತರಾಗಿ ವರ್ಷಗಟ್ಟಲೆ ಈ ಕಟ್ಟಡಗಳ ನೆರಳಿನಲ್ಲಿ ಓಡಾಡಿದವರು ನಾವು. ಅವುಗಳ ಮೆಟ್ಟಿಲು ಸವೆಸಿದ್ದೇವೆಯೇ ಹೊರತು ಆ ಮೆಟ್ಟಿಲು ಬಂದ ದಾರಿಯನ್ನು ಕೇಳಿದವರಲ್ಲ. ಮಾವ ಇದ್ದ ಹದಿನೈದು ದಿನಗಳಲ್ಲಿ ಅಲ್ಲಿ ಇಲ್ಲಿ ಓದಿ, ಕೇಳಿ ಕೂಡಿಸಿಕೊಂಡದ್ದನ್ನು ಓದುಗರ ಮುಂದೆ ಇಡುತ್ತಿದ್ದೇವೆ.

1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆ, ರಾಜಧಾನಿಯು ಕಲ್ಕತ್ತೆಯಿಂದ ದೆಹಲಿಗೆ ಬರುವುದೆಂದು ಸಾರಿದ. ಮೂರೇ ದಿನಗಳಲ್ಲಿ, 15ರಂದು, ದರ್ಬಾರಿನ ಬಯಲಿನ ಬಳಿಯೇ ಅಡಿಗಲ್ಲು ಬಿತ್ತು. ಊರು ಎಲ್ಲಿ ಏಳಬೇಕೆಂದು ಇನ್ನೂ ಯಾರಿಗೂ ತಿಳಿದಿರಲಿಲ್ಲ. ಅಡಿಗಲ್ಲು ಮಾತ್ರ ಸಿದ್ಧವಾಗಿತ್ತು. 1912ರಲ್ಲಿ ಬಂದ ತಜ್ಞರ ಸಮಿತಿ ಆ ಜಾಗವನ್ನು ಒಪ್ಪದೆ ದಕ್ಷಿಣದ ರಾಯಸೀನಾ ಗುಡ್ಡವನ್ನು ಆರಿಸಿತು. ಆಮೇಲೆ ಅಡಿಗಲ್ಲುಗಳನ್ನೇ ಕಿತ್ತು ಗಾಡಿಯ ಮೇಲೆ ಹೇರಿ ಹೊಸ ಜಾಗಕ್ಕೆ ತರಬೇಕಾಯಿತು. ಹೊಸ ದೆಹಲಿಗಾಗಿ ಪ್ರಯಾಣ ಮಾಡಿದ ಮೊದಲ ಕಲ್ಲುಗಳು ಇವೇ ಎನ್ನಬಹುದು.

ವೈಸರಾಯ್ ಹಾರ್ಡಿಂಜ್ ಮೊದಲು ಎಣಿಸಿದ್ದು ನಾಲ್ಕು ವರ್ಷ. ಆದದ್ದು ಇಪ್ಪತ್ತು ವರ್ಷ. ರಾಜಧಾನಿಯ ಉದ್ಘಾಟನೆ ನಡೆದದ್ದು 1931ರ ಫೆಬ್ರವರಿಯಲ್ಲಿ. ಈ ಹದಿನಾರು ವರ್ಷಗಳ ಅಂತರ ಹೇಗೆ ಬಂತು? ಲುಟ್ಯೆನ್ಸ್ ಮತ್ತು ಬೇಕರರ ಜಗಳದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಮಗೆ ತೋರುವಂತೆ ಗೋಡೆ ಕಟ್ಟುವುದು ಅಷ್ಟು ಕಷ್ಟವಾಗಲಿಲ್ಲ. ಗೋಡೆಯ ಬುಡಕ್ಕೆ ಬೇಕಾದ ಹೊತ್ತಿನಲ್ಲಿ ಬೇಕಾದ ಸಾಮಾನು ಬಂದು ಸೇರುವುದೇ ಕಷ್ಟವಾಯಿತು.

ಸಾಮಾನು ಎಷ್ಟೆಂದು ನೋಡೋಣ. ವೈಸರಾಯನ ಮನೆಗೆ, ಅಂದರೆ ಇಂದಿನ ರಾಷ್ಟ್ರಪತಿ ಭವನವೊಂದಕ್ಕೇ, ಸುಮಾರು 70 ಕೋಟಿ ಇಟ್ಟಿಗೆ ಮತ್ತು 30 ಲಕ್ಷ ಘನ ಅಡಿ ಕಲ್ಲು ಹಿಡಿಯಿತೆಂದು ಭವನದ ಅಧಿಕೃತ ವಿವರಣೆ ಹೇಳುತ್ತದೆ. ಬಿ.ಎಸ್ಸಿ. ಓದಿದ್ದು ಬೇರೆ ಯಾವುದಕ್ಕೂ ಒದಗದಿದ್ದರೂ ಇಂಥ ಗುಣಾಕಾರಕ್ಕೆ ಒದಗುತ್ತದೆ. ಇಟ್ಟಿಗೆಯ ಉದ್ದ ಒಂಬತ್ತು ಅಂಗುಲವೆಂದು ಹಿಡಿದರೆ, ಆ 70 ಕೋಟಿ ಇಟ್ಟಿಗೆಗಳನ್ನು ಸಾಲಾಗಿ ಇಟ್ಟರೆ ಭೂಮಿಯನ್ನು ಸಮಭಾಜಕದ ಮೇಲೆ ಸುಮಾರು ನಾಲ್ಕು ಸುತ್ತು ಸುತ್ತಬಹುದು. ಕಟ್ಟಡ ಹದಿನೇಳು ವರ್ಷ ನಡೆಯಿತು. ವರ್ಷಕ್ಕೆ 300 ದಿನ ಕೆಲಸವೆಂದು ಲೆಕ್ಕ ಹಾಕಿದರೂ ದಿನಕ್ಕೆ 1,37,000 ಇಟ್ಟಿಗೆ ಆಯಿತು. ಇನ್ನು ಕಲ್ಲು: ಮರಳುಗಲ್ಲಿನ ಒಂದು ಘನ ಅಡಿ ಸುಮಾರು 65 ಕಿಲೋ ತೂಗುತ್ತದೆ. 30 ಲಕ್ಷ ಘನ ಅಡಿಯೆಂದರೆ ಎರಡು ಲಕ್ಷ ಟನ್ನಿಗೆ ಹತ್ತಿರ. ಇಪ್ಪತ್ತು ಟನ್ನು ಹಿಡಿಯುವ ರೈಲು ವ್ಯಾಗನ್ನುಗಳಲ್ಲಿ ತುಂಬಿದರೆ ಹತ್ತಿರ ಹತ್ತಿರ ಹತ್ತು ಸಾವಿರ ವ್ಯಾಗನ್ನು ಬೇಕು. ಇದು ಒಂದು ಮನೆಯ ಲೆಕ್ಕ. ಎರಡು ಸೆಕ್ರೆಟೇರಿಯಟ್ ಕಟ್ಟಡಗಳು, ಶಾಸನಸಭೆಯ ವರ್ತುಲ ಕಟ್ಟಡ, ಬಂಗಲೆಗಳು, ಗುಮಾಸ್ತರ ಕ್ವಾರ್ಟರ್ಸುಗಳು ಇನ್ನೂ ಹೊರಗಿವೆ.

ಕಲ್ಲು ಬಂದದ್ದು ಎಲ್ಲಿಂದ? ಕೆಂಪು ಮತ್ತು ಕೆನೆಬಣ್ಣದ ಮರಳುಗಲ್ಲು ಧೋಲ್‌ಪುರ, ಭರತ್‌ಪುರಗಳ ಕಡೆಯದು. ಬಿಳಿಯ ಅಮೃತಶಿಲೆ ಮಕರಾಣಾ ಮತ್ತು ಅಲ್ವರಿನದು, ಹಸಿರು ಶಿಲೆ ಬರೋಡಾ ಮತ್ತು ಅಜ್ಮೀರದ್ದು, ಹಳದಿ ಜೈಸಲ್ಮೇರಿನದು, ಬೂದು ಬಣ್ಣದ್ದು ಮಾರವಾಡದ್ದು. ಚಾಕೊಲೇಟ್ ಬಣ್ಣದ ಒಂದು ಶಿಲೆ ಮಾತ್ರ ಇಟಲಿಯಿಂದ ಬಂತು. ಇವುಗಳಲ್ಲಿ ಹೆಚ್ಚಿನವು ದೇಶೀ ಸಂಸ್ಥಾನಗಳು. ಅಂದರೆ ಬ್ರಿಟಿಷ್ ಸರ್ಕಾರದ ರಾಜಧಾನಿಗೆ ಬೇಕಾದ ಕಲ್ಲು ಬಹುಪಾಲು ಬ್ರಿಟಿಷರ ನೇರ ಆಳ್ವಿಕೆಯ ನೆಲದ ಹೊರಗಿತ್ತು.

ಗಣಿಯಿಂದ ಕಿತ್ತ ಕಲ್ಲು ದೆಹಲಿಗೆ ಬರಬೇಕು. ಇಲ್ಲಿ ಒಂದು ತೊಡಕಿದೆ. ಊರಿಗೆ ಹೋಗುವಾಗ ಹಿಂದೆ ಮೀಟರ್ ಗೇಜ್, ಬ್ರಾಡ್ ಗೇಜ್ ಎಂದು ರೈಲು ಬದಲಾಯಿಸಿ ಟ್ರಂಕು, ಹಾಸಿಗೆ ಹೊತ್ತ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಧೋಲ್‌ಪುರ ಸಂಸ್ಥಾನ 1908ರಲ್ಲಿ ಬಾಡಿ ಎಂಬ ಊರಿಗೆ ಎರಡೂವರೆ ಅಡಿ ಅಗಲದ ಸಣ್ಣ ರೈಲುದಾರಿ ಹಾಕಿತ್ತು. ಅದರ ಮುಖ್ಯ ಉದ್ದೇಶವೇ ಕೆಂಪುಕಲ್ಲು ಸಾಗಿಸುವುದು. ಆದರೆ ಧೋಲ್‌ಪುರದಿಂದ ಆಗ್ರಾ, ದೆಹಲಿಗೆ ಬರುವ ದೊಡ್ಡ ದಾರಿ ಬ್ರಾಡ್ ಗೇಜು. ಸಣ್ಣ ರೈಲಿನಲ್ಲಿ ಬಂದ ಕಲ್ಲನ್ನು ಧೋಲ್‌ಪುರದಲ್ಲಿ ಇಳಿಸಿ ಮತ್ತೆ ಏರಿಸಬೇಕು. ಮಕರಾಣಾ ಇದ್ದದ್ದು ಜೋಧಪುರದ ಮೀಟರ್ ಗೇಜಿನ ಮೇಲೆ. ಮೂರು ಕಡೆಯ ಕಲ್ಲಿಗೆ ಮೂರು ಅಳತೆಯ ಹಳಿ. ಗಣಿಯ ಬಳಿ ಎತ್ತಿನಗಾಡಿಗೆ ಏರಿಸುವುದು, ಇಳಿಸುವುದು, ರೈಲಿಗೆ ಏರಿಸುವುದು, ಇಳಿಸುವುದು, ದೆಹಲಿಯಲ್ಲಿ ಮತ್ತೊಮ್ಮೆ. ಏರಿಸಿ ಇಳಿಸಿದ ಪ್ರತಿ ಸಲವೂ ಮೂಲೆ ಮುಕ್ಕಾದ ಕಲ್ಲು ಎಷ್ಟು, ಹಮಾಲಿ ಎಷ್ಟು ಎಂದು ನಮ್ಮ ಮಾವ ಕೂಡಲೇ ಕೇಳಿದರು. ಆ ಲೆಕ್ಕದ ಪುಸ್ತಕ ನಮ್ಮ ಕೈಗೆ ಸಿಕ್ಕಿಲ್ಲ.

ದೆಹಲಿಯೊಳಗಿನ ಸಾಗಣೆಗೆ ಎಂಜಿನಿಯರುಗಳು ಒಂದು ಪುಟ್ಟ ರೈಲನ್ನೇ ಹಾಕಿದರು. ಇಂಪೀರಿಯಲ್ ಡೆಲ್ಲಿ ರೈಲ್ವೆ ಎಂಬ ದೊಡ್ಡ ಹೆಸರು. ಕೆಲಸ ಮಾತ್ರ ಬದರ್‌ಪುರದ ಕಡೆಯಿಂದ ಕಲ್ಲು, ಮರಳು, ಜಲ್ಲಿ ಹೊತ್ತು ತರುವುದು. ಪತ್ರಕರ್ತ ಖುಷವಂತ್ ಸಿಂಗರು ಚಿಕ್ಕಂದಿನಲ್ಲಿ ಇದರ ಮೇಲೆ ಹತ್ತಿ ಪುಕ್ಕಟೆ ಸವಾರಿ ಮಾಡಿದ್ದನ್ನು ಬರೆದಿದ್ದಾರೆ. ಇಂದು ಮೆಟ್ರೋದಲ್ಲಿ ಬದರ್‌ಪುರದಿಂದ ಕೇಂದ್ರ ಸಚಿವಾಲಯಕ್ಕೆ ಕಚೇರಿಗೆ ಬರುವ ನಮ್ಮ ಬಂಧುಗಳು ಹೆಚ್ಚು ಕಡಮೆ ಆ ಕಲ್ಲಿನ ದಾರಿಯಲ್ಲೇ ಬರುತ್ತಿದ್ದಾರೆ.

ಬಂದ ಕಲ್ಲನ್ನು ಒಬ್ಬೊಬ್ಬ ಕಂಟ್ರಾಕ್ಟರ್ ತನ್ನ ತನ್ನ ಜಾಗದಲ್ಲಿ ಕಡಿಸದೆ, ದೊಡ್ಡದೊಂದು ಕಲ್ಲಿನ ಅಂಗಳಕ್ಕೆ ತಂದು ಹಾಕುತ್ತಿದ್ದರು. ಸಾವಿರಾರು ಕಲ್ಲುಕುಟಿಗರು ಅಲ್ಲಿ ಕೂತು, ನಕ್ಷೆಯ ಅಳತೆಗೆ ತಕ್ಕಂತೆ ಒಂದೊಂದು ಕಲ್ಲನ್ನೂ ಕಡೆದು ಕಳುಹಿಸುತ್ತಿದ್ದರು. ನಮಗೆ ಈ ವ್ಯವಸ್ಥೆಯೇ ಹೊಸ ದೆಹಲಿಯ ದೊಡ್ಡ ಜಾಣತನವಾಗಿ ಕಾಣುತ್ತದೆ. ಗುಮ್ಮಟಕ್ಕಿಂತ ದೊಡ್ಡದು. ಏಕೆಂದರೆ ನಾಲ್ಕು ಕಟ್ಟಡಕ್ಕೆ ನಾಲ್ಕು ಕಂಟ್ರಾಕ್ಟರರು; ಕಲ್ಲು ಮಾತ್ರ ಒಂದೇ ಬಣ್ಣ, ಒಂದೇ ಅಳತೆ ಇರಬೇಕು. ಪ್ರತಿಯೊಬ್ಬನೂ ತನಗೆ ಅಗ್ಗಕ್ಕೆ ಸಿಕ್ಕ ಕಡೆಯಿಂದ ತಂದಿದ್ದರೆ ಇಂದು ರಾಯಸೀನಾ ಗುಡ್ಡ ಹೊಲಿದ ಕೌದಿಯಂತೆ ಕಾಣುತ್ತಿತ್ತು. ಒಂದು ಕಬ್ಬಿಣದ ಬೀರುವಿಗಾಗಿ ಮೂರು ಕೊಟೇಶನ್ ತರಿಸಿ, ಅತಿ ಕಡಮೆಯದನ್ನು ಒಪ್ಪಿ, ಆರು ತಿಂಗಳಲ್ಲಿ ಅದರ ಬಾಗಿಲು ಕೈಗೆ ಬರುವುದನ್ನು ಕಂಡ ಗುಮಾಸ್ತರಿಗೆ ಈ ಮಾತು ಬೇಗ ಮನಸ್ಸಿಗೆ ಹತ್ತೀತು.

ಕಂಟ್ರಾಕ್ಟರರ ಹೆಸರುಗಳಾದರೂ ಉಳಿದಿವೆ. ವೈಸರಾಯನ ಮನೆಯ ಮುಖ್ಯ ಕೆಲಸ ಹಾರೂನ್ ಅಲ್ ರಶೀದನದು. ಸೌತ್ ಬ್ಲಾಕ್ ಶೋಭಾ ಸಿಂಗರದು, ಇಂಡಿಯಾ ಗೇಟೂ ಅವರದೇ. ಇವರೇ ಖುಷವಂತ್ ಸಿಂಗರ ತಂದೆ. ನಾರ್ತ್ ಬ್ಲಾಕ್ ಬಸಾಖಾ ಸಿಂಗರದು. ಶಾಸನಸಭೆಯ ಕಟ್ಟಡ ಸಿಂಧದಿಂದ ಬಂದ ಸೇಠ್ ಲಛಮನ್ ದಾಸರದು. ಈ ಎಲ್ಲರ ಮೇಲೆ ಮುಖ್ಯ ಎಂಜಿನಿಯರ್ ಹ್ಯೂ ಕೀಲಿಂಗ್. ದೂರದ ಹಳ್ಳಿಗಳಿಂದ ಧೈರ್ಯ ಮಾಡಿ ಬಂದು ದೆಹಲಿಯಲ್ಲಿ ಬೇರು ಬಿಟ್ಟ ಈ ಕಂಟ್ರಾಕ್ಟರರೂ ನಮ್ಮ ಹಾಗೆ ವಲಸಿಗರೇ. ವ್ಯತ್ಯಾಸವೇನೆಂದರೆ ಅವರು ಆಗ ಕಾಸಿಗೆ ಬೀಳುತ್ತಿದ್ದ ಜಮೀನು ಕೊಂಡರು, ನಾವು ಡಿ.ಡಿ.ಎ. ಫ್ಲ್ಯಾಟಿಗೆ ಅರ್ಜಿ ಹಾಕಿ ಕಾದೆವು.

ಅವರ ಕೆಳಗಿದ್ದವರ ಹೆಸರು ಉಳಿದಿಲ್ಲ. ಭವನದ ಕೆಲಸ ಜೋರಾಗಿದ್ದಾಗ ಅಲ್ಲಿ ದುಡಿದವರು ಸುಮಾರು 29,000 ಮಂದಿ. ಮಣ್ಣು, ಇಟ್ಟಿಗೆ ಹೊರುವವರು ಹೆಚ್ಚಾಗಿ ರಾಜಸ್ಥಾನದ ಬಾಗಡಿ ಜನ, ಗಂಡ ಹೆಂಡತಿ ಮಕ್ಕಳ ಸಮೇತ ಬಂದವರು. ಕಲ್ಲು ಕೆತ್ತುವವರು ಆಗ್ರಾ, ಮಿರ್ಜಾಪುರದ ಕಡೆಯವರು. ಭಾರದ ಕಲ್ಲನ್ನು ಹಗ್ಗ ಕಟ್ಟಿ ಎತ್ತಿ ಕೂಡಿಸುವ ಕಸುಬಿನವರು ಪಂಜಾಬಿನವರು. ಖುಷವಂತ್ ಸಿಂಗರು ಬರೆದಿರುವಂತೆ ದಿನಗೂಲಿ ಗಂಡಸಿಗೆ ಎಂಟಾಣೆ, ಹೆಂಗಸಿಗೆ ಆರಾಣೆ. ಇದನ್ನು ಹೇಳಿದಾಗ ಮಾವ ಬೆರಳು ಮಡಿಸಿ ಏನೋ ಲೆಕ್ಕ ಹಾಕಿ, "ಹೆಂಗಸರ ಎರಡಾಣೆಯಲ್ಲೇ ಒಂದು ಗೋಡೆ ಎದ್ದಿರುತ್ತದೆ" ಎಂದರು. ಮೂವತ್ತೈದು ವರ್ಷ ಮಸ್ಟರ್ ರೋಲ್ ಬರೆದವರ ಮಾತು ಅದು.

ಇಷ್ಟು ಉದ್ದದ ಸರಪಳಿಯಲ್ಲಿ ಯಾವುದಾದರೂ ಒಂದು ಕೊಂಡಿ ಕಳಚಿದರೆ ಸಾಕು. 1914ರಲ್ಲಿ ಮಹಾಯುದ್ಧ ಬಂತು. ಹಣ ಯುದ್ಧಕ್ಕೆ ಹೋಯಿತು. ಅಷ್ಟೇ ಅಲ್ಲ, ಭಾರತದ ರೈಲ್ವೆಗಳ ಹಳಿ, ಎಂಜಿನ್ನು, ವ್ಯಾಗನ್ನುಗಳೇ ಕಿತ್ತು ಹಡಗೇರಿ ಮೆಸೊಪೊಟೇಮಿಯಾಕ್ಕೂ ಪೂರ್ವ ಆಫ್ರಿಕಕ್ಕೂ ಹೋದವು. ಗಣಿಯಲ್ಲಿ ಕಲ್ಲಿದೆ, ಅಂಗಳದಲ್ಲಿ ಉಳಿಯಿದೆ; ಆದರೆ ನಡುವೆ ಗಾಡಿಯೇ ಸಾಲದು. ಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಇನ್‌ಫ್ಲುಯೆಂಜಾ ದೇಶವನ್ನೇ ಗುಡಿಸಿತು, ದೆಹಲಿಯೂ ತಪ್ಪಿಸಿಕೊಳ್ಳಲಿಲ್ಲ.

ಇನ್ನೊಂದು ಬಗೆಯ ತೊಡಕೂ ಇತ್ತು: ಕೆಲಸ ನಡೆಯುತ್ತಿರುವಾಗಲೇ ಯಜಮಾನ ಮನಸ್ಸು ಬದಲಾಯಿಸುವುದು. ಮೊದಲ ಯೋಜನೆಯಲ್ಲಿ ಶಾಸನಸಭೆಗೆ ಬೇರೆ ಕಟ್ಟಡವೇ ಇರಲಿಲ್ಲ; ವೈಸರಾಯನ ಮನೆಯಲ್ಲೇ ಅದಕ್ಕೊಂದು ಸಭಾಂಗಣ ಸಾಕೆಂದಿದ್ದರು. 1919ರ ಸುಧಾರಣೆಗಳಿಂದ ಎರಡು ಸಭೆಗಳು ಹುಟ್ಟಿದವು, ರಾಜರಿಗೂ ಒಂದು ಮಂಡಲಿ ಬೇಕಾಯಿತು. ಹೀಗೆ ನಡುವೆ ಬಂದು ಸೇರಿದ ವರ್ತುಲ ಕಟ್ಟಡಕ್ಕೆ 1921ರ ಫೆಬ್ರವರಿಯಲ್ಲಿ ಅಡಿಗಲ್ಲು, 1927ರ ಜನವರಿಯಲ್ಲಿ ಉದ್ಘಾಟನೆ, 83 ಲಕ್ಷ ರೂಪಾಯಿ ವೆಚ್ಚ. ಅದರ ಹೊರಸುತ್ತಿನ 144 ಕಂಬಗಳಿಗೆ ಬೇಕಾದ ಕಲ್ಲು ಅವೇ ಗಣಿಗಳಿಂದ, ಅವೇ ಹಳಿಗಳ ಮೇಲೆ ಬರಬೇಕಾಯಿತು. ಬಾಗಿಲಿಗೆ ಬಂದ ಅತಿಥಿಗೆ ಎಲೆ ಹಾಕಲೇಬೇಕು, ಸರಿ. ಆದರೆ ಮಾಡಿದ ಅಡುಗೆ ಮೊದಲಿನ ಪಂಕ್ತಿಗೇ ಸಾಲದು ಎಂಬ ಸ್ಥಿತಿ.

ಅಂದು ಸಂಜೆ ವಿಜಯ ಚೌಕಕ್ಕೆ ಬರುವಾಗ ಮಾವ ಇದ್ದಕ್ಕಿದ್ದಂತೆ ನಿಂತು, "ಅಯ್ಯೋ, ಗುಮ್ಮಟ ಎಲ್ಲಿ ಹೋಯಿತು?" ಎಂದಿದ್ದರು. ದೂರದಿಂದ ಭವ್ಯವಾಗಿ ಕಾಣುವ ರಾಷ್ಟ್ರಪತಿ ಭವನ ಹತ್ತಿರ ಬಂದಂತೆ ದಿಣ್ಣೆಯ ಹಿಂದೆ ಮುಳುಗುತ್ತದೆ. ಬೇಕರನ ಸೆಕ್ರೆಟೇರಿಯಟ್ ಕಟ್ಟಡಗಳನ್ನೂ ಗುಡ್ಡದ ಮೇಲೆ ಅದೇ ಮಟ್ಟದಲ್ಲಿ ಇಡುವುದೆಂದಾದಾಗ, ದಾರಿಯ ಏರಿಗೆ 1913ರಲ್ಲಿ ಲುಟ್ಯೆನ್ಸನೇ ಸಹಿ ಹಾಕಿದ್ದ. ಕಟ್ಟಡ ಮೇಲೇಳುತ್ತಿದ್ದ 1916ರಲ್ಲಿ ಅವನಿಗೆ ಹೊಳೆಯಿತು, ತನ್ನ ಗುಮ್ಮಟ ಮರೆಯಾಗುತ್ತದೆ ಎಂದು. ವೈಸರಾಯನವರೆಗೂ ಹೋಗಿ ಮೊರೆಯಿಟ್ಟ. ಆದರೆ ಗುಡ್ಡ ಕಡಿದಾಗಿತ್ತು, ಕಲ್ಲು ಕೂತಾಗಿತ್ತು. ಬದಲಾಯಿಸಲು ಹಣವಿಲ್ಲವೆಂದು ಉತ್ತರ ಬಂತು. ವಾಟರ್‌ಲೂವಿನಲ್ಲಿ ನೆಪೋಲಿಯನ್ ಸೋತಂತೆ ತನಗಿದು "ಬೇಕರ್‌ಲೂ" ಎಂದು ಗೊಣಗಿಕೊಂಡನಂತೆ. ಕಾಗದದ ಮೇಲಿನ ಗೆರೆ ಎಷ್ಟು ಸಲ ಬೇಕಾದರೂ ತಿದ್ದಬಹುದು. ಅದರ ಹಿಂದೆ ಕಲ್ಲು ಹೊರಟ ಮೇಲೆ ತಿದ್ದುವುದು ಚಕ್ರವರ್ತಿಯ ಸರ್ಕಾರಕ್ಕೂ ಆಗದು.

ಯುದ್ಧದ ನಂತರ ಖಜಾನೆ ಬರಿದಾಗಿ, ಈ ರಾಜಧಾನಿ ಬೇಕೇ ಎಂಬ ಪ್ರಶ್ನೆಯೇ ಎದ್ದಿತು. 1922ರಲ್ಲಿ ಹೊಸ ರಾಜಧಾನಿಯ ವಿಚಾರಣಾ ಸಮಿತಿ ಕುಳಿತಾಗ ಅದರಲ್ಲಿ ಇದ್ದ ಒಬ್ಬ ಎಂಜಿನಿಯರ್ ಯಾರೆಂದು ತಿಳಿದಾಗ ನಮಗೆ ರೋಮಾಂಚನವಾಯಿತು: ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕೆಲಸ ನಿಲ್ಲಲಿಲ್ಲ ಎಂಬುದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಅರ್ಧ ಎದ್ದ ಗೋಡೆಗಳನ್ನು ನೋಡಿದಾಗ ಅವರ ಮನಸ್ಸು ಎಲ್ಲಿಗೆ ಹೋಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಅದೇ ಹೊತ್ತಿಗೆ ಕನ್ನಂಬಾಡಿಯಲ್ಲಿ ಅವರ ಅಣೆಕಟ್ಟೂ ಅರ್ಧ ಎದ್ದು ನಿಂತಿತ್ತು.

ಈ ಎರಡು ಕೆಲಸಗಳ ಕಾಲ ಒಂದೇ ಎಂಬುದನ್ನು ನಾವು ಹಿಂದೆ ಗಮನಿಸಿರಲಿಲ್ಲ. ಕನ್ನಂಬಾಡಿಯ ಕೆಲಸ ಶುರುವಾದದ್ದು 1911ರ ನವೆಂಬರಿನಲ್ಲಿ, ದೆಹಲಿಯ ಅಡಿಗಲ್ಲಿಗಿಂತ ಒಂದು ತಿಂಗಳು ಮೊದಲು. ಪೂರ್ಣವಾದದ್ದು 1931-32ರ ಸುಮಾರಿಗೆ, ದೆಹಲಿಯ ಉದ್ಘಾಟನೆಯ ಆಸುಪಾಸಿನಲ್ಲಿ. ಅದೇ ಯುದ್ಧ, ಅದೇ ಇನ್‌ಫ್ಲುಯೆಂಜಾ, ಅದೇ ಹಣದ ಮುಗ್ಗಟ್ಟು. ಆದರೆ ದೆಹಲಿಯ ಹಿಂದೆ ಸಾಮ್ರಾಜ್ಯದ ಬೊಕ್ಕಸವಿತ್ತು. ಮೈಸೂರಿನ ಹಿಂದೆ ಒಂದು ಸಂಸ್ಥಾನದ ಕಂದಾಯವಿತ್ತು, ನಾಲ್ವಡಿ ಕೃಷ್ಣರಾಜ ಒಡೆಯರ ಮನಸ್ಸಿತ್ತು. ಮೊದಲ ಹಂತಕ್ಕೆ ಮಂಜೂರಾದದ್ದು 81 ಲಕ್ಷ. ಅಂದರೆ ಇಲ್ಲಿ ಶಾಸನಸಭೆಯ ಒಂದು ಕಟ್ಟಡಕ್ಕೆ ಹಿಡಿದದ್ದಕ್ಕಿಂತ ಸ್ವಲ್ಪ ಕಡಮೆ.

ಅಲ್ಲಿನ ಸಾಮಾನಿನ ಕಥೆ ಬೇರೆ. ಕಲ್ಲಿಗೆ ಮೈಸೂರು ಸೀಮೆಯಲ್ಲಿ ಬರವಿಲ್ಲ. ಬರವಿದ್ದದ್ದು ಸಿಮೆಂಟಿಗೆ. ಆಗ ಸಿಮೆಂಟು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕಾಗಿತ್ತು. ಮದರಾಸಿನಲ್ಲಿ 1904ರಲ್ಲಿ ಮಾಡಿದ ಯತ್ನ ನಿಲ್ಲಲಿಲ್ಲ; ಪೋರಬಂದರಿನ ಕಾರ್ಖಾನೆ ಸಿಮೆಂಟು ಕೊಟ್ಟದ್ದು 1914ರಲ್ಲಿ. ಎಂಟು ಸಾವಿರದ ಆರುನೂರು ಅಡಿ ಉದ್ದದ ಕಟ್ಟೆಯನ್ನು ಹಡಗಿನ ಸಿಮೆಂಟಿನಿಂದ ಕಟ್ಟಲು ಹೊರಟಿದ್ದರೆ ಖಜಾನೆಯೂ ಮುಳುಗುತ್ತಿತ್ತು. ಯುದ್ಧ ಬಂದ ಕೂಡಲೇ ಕೆಲಸವೂ ಮುಳುಗುತ್ತಿತ್ತು.

ಎಂಜಿನಿಯರುಗಳು ಆಶ್ರಯಿಸಿದ್ದು ಸುರ್ಕಿ ಗಾರೆಯನ್ನು. ಜೇಡಿಮಣ್ಣನ್ನು ಸುಟ್ಟು, ಪುಡಿ ಮಾಡಿ, ಸುಣ್ಣದೊಂದಿಗೆ ಅರೆದರೆ ಸುರ್ಕಿ ಗಾರೆ. ಬರಿಯ ಸುಣ್ಣದ ಗಾರೆ ಗಾಳಿಯಲ್ಲಿ ಗಟ್ಟಿಯಾಗುತ್ತದೆ, ನೀರಿನಲ್ಲಿ ನಿಲ್ಲದು. ಸುಟ್ಟ ಜೇಡಿಯಲ್ಲಿರುವ ಸಿಲಿಕ ಸುಣ್ಣದೊಡನೆ ಬೆರೆತಾಗ ಅದು ನೀರಿನೊಳಗೂ ಬಿಗಿಯುತ್ತದೆ, ವರ್ಷ ಕಳೆದಂತೆ ಇನ್ನೂ ಗಟ್ಟಿಯಾಗುತ್ತದೆ. ನಮ್ಮ ಹಳೆಯ ಕಟ್ಟಡದವರಿಗೆ ಇದೇನೂ ಹೊಸತಲ್ಲ. ಕಾಲೇಜಿನಲ್ಲಿ ನಾವು ಓದಿದ ರಸಾಯನಶಾಸ್ತ್ರ ಅವರ ಗಾರೆ ಗಾಣದಲ್ಲಿ ಎಷ್ಟೋ ಶತಮಾನ ಮೊದಲೇ ತಿರುಗುತ್ತಿತ್ತು. ಮಾವನ ತಾತ ಕನ್ನಂಬಾಡಿಯಲ್ಲಿ ಸುರ್ಕಿ ಹೊತ್ತವರಂತೆ. ಮನೆಗೆ ಬಂದರೆ ಮೈಯೆಲ್ಲ ಇಟ್ಟಿಗೆ ಬಣ್ಣ, ಹಬ್ಬದ ದಿನವೂ ಕಿವಿಯ ಹಿಂದೆ ಕೆಂಪು ಉಳಿದಿರುತ್ತಿತ್ತು ಎಂದು ಮಾವ ತಮ್ಮ ಅಜ್ಜಿಯಿಂದ ಕೇಳಿದ್ದನ್ನು ಹೇಳಿದರು.

ಸುರ್ಕಿ ಅಗ್ಗ, ಕೈಗೆಟಕುವುದು. ಆದರೆ ಬೇಗ ಬಿಗಿಯದು. ಕಾವೇರಿಯಾದರೋ ಜೂನಿನಲ್ಲಿ ತುಂಬುವವಳು, ಯಾರಿಗೂ ಕಾಯುವವಳಲ್ಲ. ಇದರ ಮೇಲೆ ಮಾತು ಬೇರೆ ಕೊಟ್ಟಾಗಿತ್ತು: 1915ರ ಮಧ್ಯದ ವೇಳೆಗೆ ಕೋಲಾರದ ಚಿನ್ನದ ಗಣಿಗಳಿಗೆ ಹೆಚ್ಚಿನ ವಿದ್ಯುತ್ತು ಕೊಡಬೇಕು. ಗಣಿಗೆ ವಿದ್ಯುತ್ತು ಶಿವನಸಮುದ್ರದಿಂದ; ಶಿವನಸಮುದ್ರಕ್ಕೆ ಬೇಸಗೆಯಲ್ಲಿ ನೀರು ಕನ್ನಂಬಾಡಿಯಿಂದ; ಕನ್ನಂಬಾಡಿಗೆ ಗಾರೆ ಸುಣ್ಣದ ಗೂಡುಗಳಿಂದ. ಕೋಲಾರದಲ್ಲಿ ಗಣಿಯ ಯಂತ್ರ ತಿರುಗಬೇಕಾದರೆ ಮಂಡ್ಯದ ಕಡೆ ಒಬ್ಬ ಕೂಲಿ ಹೊತ್ತಿಗೆ ಸರಿಯಾಗಿ ಸುರ್ಕಿಯ ಪುಟ್ಟಿ ಎತ್ತಬೇಕು. ಹತ್ತು ಸಾವಿರ ಜನ ದುಡಿದರು, ರಾತ್ರಿಯೂ ದೀಪ ಹಚ್ಚಿ ಕೆಲಸ ನಡೆಯಿತು, ಕೂಲಿ ಕ್ಯಾಂಪುಗಳಲ್ಲಿ ಮಲೇರಿಯಾ ಎದ್ದಿತು. ಕೊಟ್ಟ ಮಾತು ಉಳಿಯಿತು.

ಅಲ್ಲಿ ಕೊಂಡಿ ಕಳಚಿದ್ದು ಬೇರೊಂದು ಕಡೆ. ಸುಣ್ಣ, ಕಲ್ಲು, ಕೂಲಿ ಎಲ್ಲ ಕೂಡಿಸಬಹುದು. ನೆರೆಯವನ ಒಪ್ಪಿಗೆ ಯಾವ ಗೂಡಿನಲ್ಲಿ ಸುಡುವುದು? ಮದರಾಸು ಸರ್ಕಾರದ ಆಕ್ಷೇಪಣೆಯಿಂದಾಗಿ ಮೊದಲು ಕಡಮೆ ಎತ್ತರದ ಕಟ್ಟೆಗಷ್ಟೇ ಅನುಮತಿ ಸಿಕ್ಕಿತು. ಮೈಸೂರಿನವರು ತಳಪಾಯವನ್ನು ಮಾತ್ರ ಮುಂದಿನ ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕಿದರು. ಅನುಮತಿಗಾಗಿ ಕಾಯಬಹುದು, ನದಿಯ ತಳದಲ್ಲಿ ಕೂತ ಕಲ್ಲನ್ನು ಮತ್ತೆ ಅಗಲ ಮಾಡಲಾಗದು ಎಂಬ ಲೆಕ್ಕ. 1914ರಲ್ಲಿ ಗ್ರಿಫಿನ್ ತೀರ್ಪು ಮೈಸೂರಿನ ಪರವಾಗಿ ಬಂದರೂ ಮದರಾಸು ಲಂಡನ್ನಿನವರೆಗೂ ಮೇಲ್ಮನವಿ ಒಯ್ದಿತು. ಕೊನೆಗೆ ಒಪ್ಪಂದವಾದದ್ದು 1924ರ ಫೆಬ್ರವರಿಯಲ್ಲಿ, ನೀರಿನ ಮಟ್ಟ 124 ಅಡಿಗೆ. ಲುಟ್ಯೆನ್ಸ್ ಸಾಹೇಬ ತನ್ನ ದಾರಿಯ ಏರಿಗೆ ಸಹಿ ಹಾಕುವ ಮೊದಲು ಇಂಥ ಮುಂದಾಲೋಚನೆ ಮಾಡಿದ್ದರೆ ನಮ್ಮ ಮಾವನಿಗೆ ವಿಜಯ ಚೌಕದಲ್ಲೂ ಗುಮ್ಮಟ ಕಾಣುತ್ತಿತ್ತು. ನಮ್ಮ ಊರಿನ ಅಭಿಮಾನದಿಂದ ಈ ಮಾತು ಬಂತೆಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದಿಲ್ಲ.

ಎರಡೂ ಕಡೆ ಎಲ್ಲಕ್ಕಿಂತ ಮೊದಲು ಸರಬರಾಜಾದದ್ದು ನೆಲ. ಇಲ್ಲಿ ರಾಯಸೀನಾ, ಮಾಲ್ಚಾ ಮೊದಲಾದ ಹಳ್ಳಿಗಳ ರೈತರ ಜಮೀನನ್ನು 1894ರ ಭೂಸ್ವಾಧೀನ ಕಾಯಿದೆಯ ಕೆಳಗೆ ತೆಗೆದುಕೊಂಡರು. ಇಂದು ಮಾಲ್ಚಾ ಎಂದರೆ ರಾಯಭಾರಿಗಳು ವಾಸಿಸುವ ಒಂದು ದೊಡ್ಡ ರಸ್ತೆ. ಅಲ್ಲಿ ಕನ್ನಂಬಾಡಿ ಎಂಬ ಊರೇ ನೀರಿನೊಳಗೆ ಹೋಯಿತು, ಅದರ ವೇಣುಗೋಪಾಲಸ್ವಾಮಿಯ ದೇವಾಲಯದ ಸಮೇತ. ಬರಗಾಲದ ವರ್ಷಗಳಲ್ಲಿ ಜಲಾಶಯ ಬತ್ತಿದಾಗ ಆ ಗುಡಿ ಎದ್ದು ಕಾಣುತ್ತಿತ್ತು. ಇತ್ತೀಚಿನ ದಶಕಗಳಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ, ಹಿನ್ನೀರಿನ ದಡದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಆ ಕಲ್ಲುಗಳಿಗೂ ಒಂದು ಪ್ರಯಾಣ ಬಂದೊದಗಿತು.

2023ರ ಮೇ 28ರಂದು ಉದ್ಘಾಟನೆಯಾದ ಹೊಸ ಸಂಸತ್ ಭವನದ ಹೊರಗೋಡೆಯನ್ನೂ ಮಾವನಿಗೆ ದೂರದಿಂದ ತೋರಿಸಿದೆವು. ಅದರ ಕೆಂಪು, ಬಿಳಿ ಮರಳುಗಲ್ಲು ಸರ್ಮಥುರಾದ್ದು, ಅಂದರೆ ಅದೇ ಧೋಲ್‌ಪುರ ಸೀಮೆಯದು. ತೇಗ ನಾಗಪುರದ್ದು, ರತ್ನಗಂಬಳಿ ಮಿರ್ಜಾಪುರದ್ದು. ಈಗ ಕಲ್ಲು ಬರುವುದಕ್ಕೆ ಲಾರಿಗಳಿವೆ. ಆದರೆ ಕಲ್ಲು ಬರುವ ದಿಕ್ಕು ಬದಲಾಗಿಲ್ಲ.

ಮಾವ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹಿಂದಿರುಗಿದರು. ನಾವೆಲ್ಲ ಎಷ್ಟೋ ಸಲ ಹತ್ತಿ ಇಳಿದ ಆ ಗಾಡಿ ಆಗ್ರಾ ದಾಟಿ ಧೋಲ್‌ಪುರದ ಮೇಲೆಯೇ ಹೋಗುತ್ತದೆ, ನಾವು ಯಾರೂ ಎಚ್ಚರವಿರುವುದಿಲ್ಲ. ಅಂದು ಮಧ್ಯರಾತ್ರಿಯ ಸುಮಾರಿಗೆ ಫೋನು ಬಾರಿಸಿತು. ಏನಾಯಿತೋ ಎಂದು ಗಾಬರಿಯಿಂದ ಎತ್ತಿದರೆ ಆ ಕಡೆಯಿಂದ ಮಾವ: "ಧೋಲ್‌ಪುರ ಬಂತಪ್ಪಾ. ಕತ್ತಲೆ, ಏನೂ ಕಾಣಿಸಲಿಲ್ಲ. ಆದರೆ ಹಳಿ ಪಕ್ಕದಲ್ಲಿ ಕಲ್ಲು ಪೇರಿಸಿಟ್ಟ ಹಾಗಿತ್ತು. ಹೆಂಡತಿಗೆ ಹೇಳು, ಕಟ್ಟಿಕೊಟ್ಟ ಚಪಾತಿ ಇನ್ನೂ ಎರಡು ಮಿಕ್ಕಿವೆ."